ಗೀತ್‌ಮಾಲಾಕ್ಕೂ ಮೊದಲು ಅಮೀನ್ ಸಯಾನಿ ಎಲ್ಲಿದ್ದರು?

ಜಗತ್ ವೃತ್ತ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿಯಲ್ಲಿ ನಮಗೆ ಒಬ್ಬೊಬ್ಬ ಪ್ರಸಾರಕರ ಬಗ್ಗೆ ಪ್ರಬಂಧ ಮಂಡಿಸಲು ಹೇಳಿದ್ದಾರೆ. ನನ್ನ ಪಾಲಿಗೆ ಅಮೀನ್ ಸಯಾನಿ ಬಂದಿದ್ದಾರೆ. ಅವರು 2024ರ ಫೆಬ್ರುವರಿ 20ರಂದು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಕೂಡಿಹಾಕಿಕೊಂಡು ಓದಿದೆ. 1932ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ಹುಟ್ಟಿದರು ಎಂಬ ಒಂದು ಸಾಲು ಮುಗಿಯುತ್ತಿದ್ದಂತೆ ಬಹುಪಾಲು ಬರಹಗಳು 1952ರಲ್ಲಿ ಕೊಲಂಬೊದ ರೇಡಿಯೊ ಸಿಲೋನಿನಲ್ಲಿ ಆರಂಭವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾಕ್ಕೆ ಜಿಗಿದುಬಿಡುತ್ತವೆ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಆ ಹುಡುಗ ಏನು ಓದಿದ, ಯಾರ ನೆರಳಿನಲ್ಲಿ ಬೆಳೆದ, ಮೈಕಿನ ಮುಂದೆ ಮೊದಲು ನಿಂತದ್ದು ಯಾವ ಭಾಷೆಯಲ್ಲಿ ಎಂಬುದು ತುಂಡುತುಂಡಾಗಿ ಮಾತ್ರ ಸಿಗುತ್ತದೆ. ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಎರಡನೆಯ ಪ್ರಶ್ನೆ ನಮ್ಮ ಸೀಮೆಗೆ ಸಂಬಂಧಿಸಿದ್ದು. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಹಿಂದಿಯಲ್ಲಿ ನಾಲ್ಕು ಮಾತಾಡಲು ತಡವರಿಸುವ ಹಿರಿಯರು ಸಹ ಸಯಾನಿಯವರ ಮಾತು ಒಂದೂ ಬಿಡದೆ ತಿಳಿಯುತ್ತಿತ್ತು ಎನ್ನುತ್ತಾರೆ. ಕೊಲಂಬೊದಿಂದ ಬರುತ್ತಿದ್ದ ಕಾರ್ಯಕ್ರಮವೊಂದು ಇಲ್ಲಿಯ ಕನ್ನಡ ಮನೆಗಳಲ್ಲಿ ಅಷ್ಟು ಆಳವಾಗಿ ಬೇರೂರಲು ಕಾರಣವೇನು?

ಮೂರನೆಯದು ಪ್ರಬಂಧಕ್ಕೆ ಹೊರತಾದದ್ದು, ಆದರೂ ಕೇಳುತ್ತೇನೆ. ಇತ್ತೀಚೆಗೆ ಒಂದು ಕಡೆ ಉದ್ಘೋಷಕರ ಧ್ವನಿ ಪರೀಕ್ಷೆಗೆ ಹೋಗಿದ್ದೆ. ಮಾತಿನಲ್ಲಿ ಈ ಕಡೆಯ ರಾಗ ಹೆಚ್ಚಾಗಿದೆ ಎಂದು ಹೇಳಿ ಕಳಿಸಿಬಿಟ್ಟರು. ಸಯಾನಿಯವರನ್ನೂ ಉಚ್ಚಾರಣೆಯ ಕಾರಣಕ್ಕೆ ಕೈಬಿಟ್ಟಿದ್ದರು ಎಂಬ ಮಾತು ನಿಜವೇ?


ನಿಲಯದ ಹಳೆಗಂಟಲು, ಕಲಬುರಗಿ:

ನಿಜ, ತಂಗಿ. ಆಕಾಶವಾಣಿಯ ಮುಂಬಯಿ ನಿಲಯದಲ್ಲಿ ಹಿಂದಿ ಉದ್ಘೋಷಕರ ಕೆಲಸಕ್ಕೆ ಅವರು ಧ್ವನಿ ಪರೀಕ್ಷೆ ಕೊಟ್ಟರು. ಉಚ್ಚಾರಣೆಯಲ್ಲಿ ಗುಜರಾತಿ ಮತ್ತು ಇಂಗ್ಲಿಷಿನ ಛಾಯೆ ಇದೆ ಎಂಬ ಕಾರಣಕ್ಕೆ ಅವರನ್ನು ತೆಗೆದುಕೊಳ್ಳಲಿಲ್ಲ. ಇದನ್ನು ಅವರೇ ಸಂದರ್ಶನಗಳಲ್ಲಿ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಆದರೆ ಈ ಪ್ರಸಂಗವನ್ನು ಸಿನಿಮಾ ಕಥೆಯಂತೆ ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಪರೀಕ್ಷಕರ ಕಿವಿ ಕೆಟ್ಟಿರಲಿಲ್ಲ. ಅವರು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು. ಮನೆಯ ಸುತ್ತಮುತ್ತ ಗುಜರಾತಿ ಕೇಳುತ್ತ ಬೆಳೆದು, ಬಾಲ್ಯದಿಂದಲೂ ಇಂಗ್ಲಿಷಿನಲ್ಲೇ ಪ್ರಸಾರ ಮಾಡಿದ ಹುಡುಗನ ಹಿಂದಿಯಲ್ಲಿ ಅವೆರಡರ ಗುರುತು ಇಲ್ಲದೆ ಇನ್ನಾರದು ಇರಬೇಕು?

ಹೌದು, ಮೈಕಿನ ಮುಂದೆ ಅವರ ಮೊದಲ ಭಾಷೆ ಇಂಗ್ಲಿಷ್. ಅವರ ಅಣ್ಣ ಹಮೀದ್ ಸಯಾನಿ ಆ ಕಾಲದ ಹೆಸರಾಂತ ಇಂಗ್ಲಿಷ್ ಪ್ರಸಾರಕರು. ಮುಂಬಯಿ ನಿಲಯಕ್ಕೆ ತಮ್ಮನನ್ನು ಕರೆತಂದವರು ಅವರೇ. ಅಲ್ಲಿ ಅಮೀನರು ಸುಮಾರು ಹತ್ತು ವರ್ಷ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ಭಾಗವಹಿಸಿದರು. ಅಂದರೆ ಗೀತ್‌ಮಾಲಾ ಆರಂಭವಾದಾಗ ಇನ್ನೂ ಇಪ್ಪತ್ತು ತುಂಬಿರದ ಆ ಹುಡುಗ ಮೈಕಿಗೆ ಹೊಸಬನಾಗಿರಲಿಲ್ಲ, ಹಿಂದಿಗೆ ಹೊಸಬನಾಗಿದ್ದ. ನಿಮ್ಮ ಪ್ರಬಂಧದ ಮೊದಲ ಪುಟದಲ್ಲಿ ಈ ವ್ಯತ್ಯಾಸ ಬರಬೇಕೆಂದು ನನ್ನ ಆಸೆ. ಏಕೆಂದರೆ ಸ್ಟುಡಿಯೊದ ಶಿಸ್ತು, ಅಂದರೆ ಕಾಗದ ಸದ್ದು ಮಾಡದಂತೆ ತಿರುವುವುದು, ಗಡಿಯಾರದ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟು ವಾಕ್ಯ ಮುಗಿಸುವುದು, ಎದುರಿಗೆ ಯಾರೂ ಇಲ್ಲದಿದ್ದರೂ ಒಬ್ಬರಿಗೆ ಹೇಳುತ್ತಿರುವಂತೆ ಹೇಳುವುದು, ಇವೆಲ್ಲ ಕೈಗೂಡಲು ವರ್ಷಗಳು ಬೇಕು. ಭಾಷೆಯನ್ನು ತಿದ್ದಿಕೊಳ್ಳುವುದು ಅದಕ್ಕಿಂತ ಸುಲಭ. ಅವರ ಬಳಿ ಕಷ್ಟದ್ದು ಮೊದಲೇ ಇತ್ತು.

ಓದಿನ ವಿಷಯ: ಗ್ವಾಲಿಯರಿನ ಸಿಂಧಿಯಾ ಶಾಲೆ, ಆಮೇಲೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು. ಕಾಲೇಜಿನ ಹೆಸರನ್ನು ಗುರುತು ಹಾಕಿಕೊಳ್ಳಿ, ಅದಕ್ಕೆ ಕಾರಣವಿದೆ. ಸಮಯ ಸಿಕ್ಕಾಗ ಬರೆಯುತ್ತೇನೆ.


ಭಾಲ್ಕಿಯ ಓದುಗ:

ಹಳೆಗಂಟಲು ಅವರು ಅಣ್ಣನ ವಿಷಯ ಹೇಳಿದ್ದಾರೆ. ತಾಯಿಯ ವಿಷಯ ಬಾರದೆ ಈ ಬಾಲ್ಯ ಪೂರ್ತಿಯಾಗುವುದಿಲ್ಲ. ಕುಲ್ಸುಮ್ ಸಯಾನಿ ವಯಸ್ಕರ ಶಿಕ್ಷಣಕ್ಕಾಗಿ ಜೀವ ತೇಯ್ದವರು. 1960ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮಗನಿಗೆ ಅದೇ ಗೌರವ ಬಂದದ್ದು 2009ರಲ್ಲಿ, ಬಹಳ ತಡವಾಗಿ. ತಂದೆ ಡಾ. ಜಾನ್ ಮುಹಮ್ಮದ್ ಸಯಾನಿ ವೈದ್ಯರು. 1896ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ರಹೀಮತುಲ್ಲಾ ಸಯಾನಿ ಇದೇ ಮನೆತನದವರು. ಗಾಂಧೀಜಿಯವರ ಒಡನಾಟವಿದ್ದ ಮನೆ ಅದು.

ಕುಲ್ಸುಮ್ ಅವರು ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪಾಕ್ಷಿಕ ನಡೆಸುತ್ತಿದ್ದರು. 1940ರಿಂದ 1960ರವರೆಗೆ ಅದು ಹೊರಬಂದಿತು. ಒಂದೇ ಬರಹ ದೇವನಾಗರಿ, ಉರ್ದು ಮತ್ತು ಗುಜರಾತಿ ಈ ಮೂರು ಲಿಪಿಗಳಲ್ಲಿ ಅಚ್ಚಾಗುತ್ತಿತ್ತು, ಭಾಷೆ ಮಾತ್ರ ಒಂದೇ: ಗಾಂಧೀಜಿ ಬಯಸಿದಂಥ ಸರಳ ಹಿಂದೂಸ್ತಾನಿ. ಪತ್ರಿಕೆಯ ಸಂಪಾದನೆ, ಅಚ್ಚು, ಪ್ರಕಟಣೆಯ ಕೆಲಸಗಳಲ್ಲಿ ಅಮೀನರು ತಾಯಿಗೆ ಕೈಜೋಡಿಸುತ್ತಿದ್ದರು.

ನಾನು ಮೇಷ್ಟರ ಕೆಲಸ ಮಾಡಿದವನು, ರಾತ್ರಿ ಶಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಿದ ಅನುಭವವೂ ಸ್ವಲ್ಪ ಇದೆ. ಈಗಷ್ಟೇ ಓದಲು ಕಲಿತ ನಲವತ್ತು ವರ್ಷದ ರೈತನಿಗಾಗಿ ಒಂದು ಪುಟ ಬರೆಯುವುದು ಪಂಡಿತರಿಗಾಗಿ ಬರೆಯುವುದಕ್ಕಿಂತ ಕಷ್ಟ. ಅವನ ಬುದ್ಧಿ ದೊಡ್ಡವನದು, ಓದಿನ ಶಕ್ತಿ ಮಾತ್ರ ಚಿಕ್ಕವನದು. ಮಕ್ಕಳಿಗೆ ಹೇಳಿದ ಹಾಗೆ ಹೇಳಿದರೆ ಅವನಿಗೆ ಅವಮಾನ, ಕಚೇರಿಯ ಭಾಷೆಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಇವೆರಡರ ನಡುವೆ ಒಂದು ದಾರಿ ಇದೆ, ಗೌರವವಿರುವ ಸರಳ ಮಾತು. ಆ ಹುಡುಗ ಎಂಟನೆಯ ವಯಸ್ಸಿನಿಂದಲೇ ಅಂಥ ಮಾತು ಅಚ್ಚಾಗುವುದನ್ನು ಮನೆಯಲ್ಲೇ ನೋಡುತ್ತ ಬೆಳೆದ. ಅವನ ಧ್ವನಿಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಗೀತ್‌ಮಾಲಾದ ಹುಟ್ಟು ‘ರಹಬರ್’ ಪತ್ರಿಕೆಯ ಕರಡು ತಿದ್ದುವ ಮೇಜಿನ ಮೇಲೆ ಆಯಿತು.


ತೊಗರಿ ಹೊಲ:

ಇಷ್ಟು ದೂರ ಹೋಗುವುದೇಕೆ? ಆ ಧ್ವನಿ ದೇವರು ಕೊಟ್ಟ ವರ. ಅಂಥ ಕಂಠ ಇದ್ದರೆ ಯಾವ ಭಾಷೆಯಲ್ಲಿ ಏನು ಹೇಳಿದರೂ ಜನ ಕೇಳುತ್ತಾರೆ. ತಾಯಿ ಪತ್ರಿಕೆ ನಡೆಸಿದರೆಂದು ಮಗ ರೇಡಿಯೊದಲ್ಲಿ ಗೆಲ್ಲುವುದಿಲ್ಲ.


ನಿಲಯದ ಹಳೆಗಂಟಲು, ಕಲಬುರಗಿ:

ತೊಗರಿ ಹೊಲ ಅವರೇ, ಧ್ವನಿಯೇ ಎಲ್ಲವೂ ಆಗಿದ್ದರೆ ಮುಂಬಯಿ ನಿಲಯದವರು ಅವರನ್ನು ಮರಳಿ ಕಳಿಸುತ್ತಿರಲಿಲ್ಲ. ಧ್ವನಿ ಅಂದೂ ಅದೇ ಆಗಿತ್ತಲ್ಲ?

ಕಾಲೇಜಿನ ಕಥೆ ಹೇಳುತ್ತೇನೆ ಎಂದಿದ್ದೆ. ರೇಡಿಯೊ ಸಿಲೋನಿನ ಪ್ರಾಯೋಜಿತ ಹಿಂದಿ ಕಾರ್ಯಕ್ರಮಗಳು ಕೊಲಂಬೊದಲ್ಲಿ ತಯಾರಾಗುತ್ತಿದ್ದವು ಎಂದು ಬಹಳ ಜನ ತಿಳಿದಿದ್ದಾರೆ. ಅವುಗಳಲ್ಲಿ ಅನೇಕವು ಮುಂಬಯಿಯಲ್ಲಿ, ಸೇಂಟ್ ಝೇವಿಯರ್ಸ್ ತಾಂತ್ರಿಕ ಸಂಸ್ಥೆಯ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡು, ಟೇಪುಗಳಾಗಿ ವಿಮಾನದಲ್ಲಿ ಕೊಲಂಬೊಕ್ಕೆ ಹೋಗಿ, ಅಲ್ಲಿಂದ ಪ್ರಸಾರವಾಗುತ್ತಿದ್ದವು. ಹಮೀದರು ಆ ಹೊತ್ತಿಗೆ ಈ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಸಂಸ್ಥೆಯಲ್ಲಿದ್ದರು. ತಿರಸ್ಕೃತನಾಗಿ ಬಂದ ತಮ್ಮನಿಗೆ ಅಲ್ಲಿ ಕುಳಿತು ಹಿಂದಿ ಕಾರ್ಯಕ್ರಮಗಳ ಧ್ವನಿಮುದ್ರಣ ಹೇಗೆ ನಡೆಯುತ್ತದೆಂದು ನೋಡಲು, ಕೇಳಲು ಹೇಳಿದರು.

‘ಓವಲ್ಟಿನ್ ಫುಲ್ವಾರಿ’ ಎಂಬ ಕಾರ್ಯಕ್ರಮವನ್ನು ಬಾಲಗೋವಿಂದ ಶ್ರೀವಾಸ್ತವ ಎಂಬವರು ಅಲ್ಲಿ ನಡೆಸುತ್ತಿದ್ದರು. ಒಮ್ಮೆ ಜಾಹೀರಾತು ಓದುವವರಿಲ್ಲದೆ, ಸಭಿಕರಲ್ಲಿದ್ದ ಅಮೀನರನ್ನು ಕರೆದು ಓದಿಸಿದರು. ಅದು ಮುಂದುವರಿಯಿತು. ಸಂಭಾವನೆ ಏನು ಗೊತ್ತೇ? ಒಂದು ಓವಲ್ಟಿನ್ ಡಬ್ಬಿ! ಹಣವಿಲ್ಲ. ಹಿಂದಿ ಪ್ರಸಾರದಲ್ಲಿ ಅಮೀನ್ ಸಯಾನಿಯವರ ಮೊದಲ ಗಳಿಕೆ ಹಾಲಿಗೆ ಹಾಕಿಕೊಳ್ಳುವ ಪುಡಿ.

ಜಾಹೀರಾತು ಓದುವುದನ್ನು ಹಗುರವಾಗಿ ನೋಡಬೇಡಿ. ನಾಟಕದಲ್ಲಿ ತಪ್ಪಿದರೆ ಮುಂದಿನ ಮಾತಿನಲ್ಲಿ ಸರಿಪಡಿಸಬಹುದು; ಜಾಹೀರಾತಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಕೇಳುಗನ ಹೆಸರು ಹಿಡಿದು ಕರೆದಷ್ಟು ಹತ್ತಿರ ಬರಬೇಕು. ಆ ಕೆಲಸದಲ್ಲೇ ಅವರು ತಮ್ಮ ಹಿಂದಿಯನ್ನು ತಿದ್ದಿಕೊಂಡರು.


ವಾಡಿ ಜಂಕ್ಷನ್:

ನಾನು ರೇಡಿಯೊ ರಿಪೇರಿ ಮಾಡಿಕೊಂಡು ಬಂದವನು. ಮರ್ಫಿ, ಬುಷ್, ಫಿಲಿಪ್ಸ್ ಸೆಟ್ಟುಗಳ ಹೊಟ್ಟೆ ಬಿಚ್ಚಿ ಕುಳಿತೇ ಆಯಸ್ಸು ಕಳೆದಿದೆ. ಕೊಲಂಬೊ ಇಲ್ಲಿಗೆ ಅಷ್ಟು ಸ್ಪಷ್ಟವಾಗಿ ಏಕೆ ಕೇಳುತ್ತಿತ್ತು ಎಂಬುದಕ್ಕೆ ನನ್ನ ಕಡೆಯ ಉತ್ತರ ಕೊಡುತ್ತೇನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೌಂಟ್‌ಬ್ಯಾಟನ್ ಅವರ ಆಗ್ನೇಯ ಏಷ್ಯಾ ಸೇನಾ ಕಮಾಂಡ್, ಸೈನಿಕರಿಗಾಗಿ ಸಿಲೋನಿನಲ್ಲಿ ಬಹಳ ಶಕ್ತಿಯ ಕಿರುತರಂಗ ಪ್ರೇಷಕವೊಂದನ್ನು ಸ್ಥಾಪಿಸಿತ್ತು. ಯುದ್ಧ ಮುಗಿದ ಮೇಲೆ ಅದು ರೇಡಿಯೊ ಸಿಲೋನಿನ ಕೈಗೆ ಬಂದಿತು. ಇಡೀ ಆಗ್ನೇಯ ಏಷ್ಯಾಕ್ಕೆ ಕೇಳಿಸಲೆಂದು ಕಟ್ಟಿದ ಯಂತ್ರಕ್ಕೆ ಸುಮಾರು 1,200 ಕಿಲೋಮೀಟರ್ ದೂರದ ಕಲಬುರಗಿ ಯಾವ ಲೆಕ್ಕ? ಮಧ್ಯಮ ತರಂಗ ಹಗಲು ಹೊತ್ತಿನಲ್ಲಿ ನೆಲವನ್ನು ಹಿಡಿದು ಬರುತ್ತದೆ, ದೂರ ಹೆಚ್ಚಿದಂತೆ ಸೋತುಹೋಗುತ್ತದೆ. ಕಿರುತರಂಗ ಮೇಲಕ್ಕೆ ಹೋಗಿ, ವಾಯುಮಂಡಲದ ವಿದ್ಯುದಾವಿಷ್ಟ ಪದರಕ್ಕೆ ತಾಗಿ ಕೆಳಗಿಳಿಯುತ್ತದೆ. ಹಾಗಾಗಿ ಪಕ್ಕದ ಊರಿಗೆ ಕೇಳದಿದ್ದರೂ ಸಾವಿರ ಮೈಲಿ ಆಚೆಗೆ ಕೇಳಿಸಬಹುದು. ನಮ್ಮ ಕಲಬುರಗಿಗೆ ಸ್ವಂತ ಆಕಾಶವಾಣಿ ನಿಲಯ ಬಂದದ್ದು 1966ರಲ್ಲಿ. ಅದಕ್ಕೆ ಮೊದಲು ಕನ್ನಡ ಕೇಳಬೇಕೆಂದರೆ 1950ರಲ್ಲಿ ಆರಂಭವಾದ ಧಾರವಾಡವನ್ನು ಹುಡುಕಬೇಕಾಗಿತ್ತು, ಇಲ್ಲವೇ ಹೈದರಾಬಾದಿನ ಕಡೆ ಮುಳ್ಳು ತಿರುಗಿಸಬೇಕಾಗಿತ್ತು. ಬುಧವಾರ ರಾತ್ರಿ ಎಂಟಕ್ಕೆ ಮಾತ್ರ ಮುಳ್ಳು ತಾನಾಗಿಯೇ ಸಿಲೋನ್ ಸಿಗುತ್ತಿದ್ದ 41 ಮೀಟರಿನ ಕಿರುತರಂಗ ಬ್ಯಾಂಡಿಗೆ ಹೋಗುತ್ತಿತ್ತು ಎಂದರೂ ನಡೆದೀತು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಇದು ನನ್ನ ಊಹೆ, ಆದರೆ ಕಿವಿಯಿಂದ ಬಂದ ಊಹೆ. ಕಿರುತರಂಗದ ಧ್ವನಿ ಒಂದೇ ಸಮ ಇರುವುದಿಲ್ಲ. ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ದೂರ ಸರಿಯುತ್ತದೆ, ನಡುವೆ ಕರಕರ ಸದ್ದು. ಇಂಥ ದಾರಿಯಲ್ಲಿ ಬರುವ ಮಾತು ಬಿಡಿಬಿಡಿಯಾಗಿ, ಮುಖ್ಯವಾದದ್ದನ್ನು ಎರಡು ಸಲ ಹೇಳುತ್ತ, ವಾಕ್ಯದ ಕೊನೆಯನ್ನು ನುಂಗದೆ ಬರಬೇಕು. ಸಯಾನಿಯವರು ಹಾಡಿನ ಹೆಸರನ್ನೂ ಗಾಯಕರ ಹೆಸರನ್ನೂ ಹೇಳುತ್ತಿದ್ದ ರೀತಿ ಈ ತೊಂದರೆಗೆ ಹೇಳಿ ಮಾಡಿಸಿದಂತಿತ್ತು. ಅರ್ಧ ವಾಕ್ಯ ಗಾಳಿಗೆ ಹೋದರೂ ಉಳಿದರ್ಧದಲ್ಲಿ ಅರ್ಥ ಸಿಗುತ್ತಿತ್ತು.

ಸೆಟ್ಟು ಎಲ್ಲರ ಮನೆಯಲ್ಲೂ ಇರಲಿಲ್ಲ ಎಂಬುದನ್ನು ಈಗಿನವರಿಗೆ ಹೇಳಬೇಕು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಚಹಾದಂಗಡಿಯ ಸೆಟ್ಟಿನ ಮುಂದೆ ಒಂದು ಕಪ್ ಚಹಾ ಹಿಡಿದು ಒಂದು ತಾಸು ಕೂತರೂ ಅಂಗಡಿಯವರು ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಅವರೂ ಅದನ್ನೇ ಕೇಳುತ್ತಿದ್ದರು.


ಸುರಪುರದವನು:

ಜಗತ್ ವೃತ್ತ ಅವರ ಎರಡನೆಯ ಪ್ರಶ್ನೆಗೆ ವಾಡಿಯವರ ಉತ್ತರ ಅರ್ಧ. ತರಂಗ ಬಂದರೆ ಸಾಲದು, ಮಾತು ಒಳಗೆ ಇಳಿಯಬೇಕು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಗೀತ್‌ಮಾಲಾ ಆರಂಭವಾದಾಗ ಇಲ್ಲಿ ಇಪ್ಪತ್ತೈದು ದಾಟಿದ, ಶಾಲೆ ಕಂಡ ಗಂಡಸರಲ್ಲಿ ಹೆಚ್ಚಿನವರು ಉರ್ದುವಿನಲ್ಲಿ ಓದಿದವರು. ಪಟವಾರಿಯ ಲೆಕ್ಕ, ಕೋರ್ಟಿನ ಕಾಗದ ಎಲ್ಲ ಉರ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ (ಈ ಕಡೆಯ ಆಡುಮಾತಿನ ಉರ್ದು), ಗಡಿಯ ಹಳ್ಳಿಯಾದರೆ ಮರಾಠಿ ಅಥವಾ ತೆಲುಗು. ಓದು ಬಾರದವರಿಗೂ ದಖನಿ ಕಿವಿಗೆ ಬಿದ್ದೇ ಇರುತ್ತಿತ್ತು.

ಅಂಥವರಿಗೆ ಸಂಸ್ಕೃತ ತುಂಬಿದ ಹಿಂದಿ ವಾರ್ತೆ ಕಷ್ಟವಾಗುತ್ತಿತ್ತು, ಫಾರ್ಸಿ ತುಂಬಿದ ಭಾಷಣವೂ ಕಷ್ಟವಾಗುತ್ತಿತ್ತು. ಸಯಾನಿಯವರದು ಎರಡೂ ಅಲ್ಲ. ಭಾಲ್ಕಿಯ ಓದುಗರು ಹೇಳಿದ ‘ರಹಬರ್’ ವಿಷಯ ಓದಿದಾಗ ನನಗೆ ಹೊಳೆದದ್ದು ಇದೇ: ಮುಂಬಯಿಯಲ್ಲಿ ಹೊಸ ಅಕ್ಷರಸ್ಥರಿಗಾಗಿ ಹದ ಮಾಡಿದ ಮಾತು, ಸುರಪುರ, ಶಹಾಪುರ, ಗುರುಮಠಕಲ್‌ನ ಕನ್ನಡಿಗರಿಗೂ ಹೊಂದಿಕೊಂಡುಬಿಟ್ಟಿತು. ನಮಗಾಗಿ ಯಾರೂ ಅದನ್ನು ಮಾಡಿರಲಿಲ್ಲ. ಆದರೂ ನಮಗೆ ಸಿಕ್ಕಿತು.

ಇನ್ನೊಂದು ವಿಷಯ. ರೇಡಿಯೊ ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. 1930ರ ದಶಕದಲ್ಲೇ ನಿಜಾಮ ಸರ್ಕಾರ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೊ ನಡೆಸುತ್ತಿತ್ತು. 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. ಹಾಗಾಗಿ ಪೆಟ್ಟಿಗೆಯೊಳಗಿಂದ ಉರ್ದು ಮಾತು ಕೇಳುವ ಅಭ್ಯಾಸ ಕಲಬುರಗಿ, ಬೀದರ, ರಾಯಚೂರಿನ ಪಟ್ಟಣಗಳಿಗೆ ಮೊದಲೇ ಇತ್ತು.


ಬಿದರಿ ಕುಸುರಿ, ಬೀದರ:

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ಆದ್ದರಿಂದ ನಾನು ಸ್ವಲ್ಪ ಆಚೆ ಎಳೆಯುತ್ತೇನೆ. ರೇಡಿಯೊ ಸಿಲೋನ್ ಗೆದ್ದದ್ದು ಸಯಾನಿಯವರ ಬಾಲ್ಯದಿಂದಲ್ಲ, ಬಿ. ವಿ. ಕೇಸ್ಕರ್ ಅವರ ನೀತಿಯಿಂದ. 1952ರಲ್ಲಿ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳ ಪಾಲು ಕುಗ್ಗಿತು. ಹಾಡಿನ ಜೊತೆ ಚಿತ್ರದ ಹೆಸರು ಹೇಳುವುದೂ ಜಾಹೀರಾತು ಎಂಬ ವಾದ ಬಂದಿತು. ನಿರ್ಮಾಪಕರು ಮುನಿಸಿಕೊಂಡು ಹಾಡುಗಳ ಪರವಾನಗಿಯನ್ನೇ ಹಿಂತೆಗೆದುಕೊಂಡರು. ಜನ ಹಾಡು ಹುಡುಕಿಕೊಂಡು ಕೊಲಂಬೊಕ್ಕೆ ಹೋದರು. ಅಲ್ಲಿ ಯಾರು ಕುಳಿತಿದ್ದರೂ ಕೇಳುತ್ತಿದ್ದರು ಎಂದು ವಾದಿಸಬಹುದು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯ ಮನರಂಜನಾ ವಾಹಿನಿ ವಿವಿಧ ಭಾರತಿ ಆರಂಭವಾಗುವ ಹೊತ್ತಿಗೆ ಐದು ವರ್ಷಗಳ ಕೇಳುಗರು ಕೈಬಿಟ್ಟು ಹೋಗಿದ್ದರು.

ಕೇಸ್ಕರ್ ಅವರನ್ನು ಬೈಯುವುದು ಈಗ ಸುಲಭ. ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು ಅದೇ 1952ರಲ್ಲಿ. ಅರಮನೆಗಳು ಕೈಬಿಟ್ಟ ಸಂಗೀತಗಾರರಿಗೆ ಆಕಾಶವಾಣಿ ಅನ್ನ ಕೊಟ್ಟಿತು ಎಂಬುದನ್ನು ಈ ಭಾಗದವರು ಮರೆಯಬಾರದು. ಪ್ರಬಂಧದಲ್ಲಿ ಅವರನ್ನು ಖಳನಾಯಕನಂತೆ ನಿಲ್ಲಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಹೆಣ್ಣುಮಗಳಾಗಿ ಒಂದು ಮೆಚ್ಚುಗೆ ಮಾತ್ರ ಹೇಳಿಬಿಡುತ್ತೇನೆ. ಸಭೆಗಳಲ್ಲಿ ಎಲ್ಲರೂ ‘ಭಾಯಿಯೋ ಔರ್ ಬೆಹನೋ’ ಎನ್ನುತ್ತಿದ್ದ ಕಾಲದಲ್ಲಿ ಅವರು ‘ಬೆಹನೋ ಔರ್ ಭಾಯಿಯೋ’ ಎಂದು ಅಕ್ಕತಂಗಿಯರನ್ನು ಮೊದಲಿಟ್ಟರು. ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಪಡಸಾಲೆಯ ರೇಡಿಯೊಗೆ ಕಿವಿ ಕೊಟ್ಟಿದ್ದ ನಮ್ಮ ತಾಯಂದಿರಿಗೆ, ತಮ್ಮನ್ನು ಮೊದಲು ಕರೆದ ಗಂಡಸಿನ ಧ್ವನಿ ಬೇರೆ ಯಾವುದಿತ್ತು?


ಭಾಲ್ಕಿಯ ಓದುಗ:

ಬಿದರಿ ಕುಸುರಿ ಅವರೇ, ಕೇಸ್ಕರ್ ಕಾಲದ ವಿಷಯ ಒಪ್ಪುತ್ತೇನೆ. ಬಾಗಿಲು ತೆರೆದದ್ದು ಅವರ ನೀತಿಯೇ. ಆದರೆ ಯಾರು ಕುಳಿತಿದ್ದರೂ ಆಗುತ್ತಿತ್ತು ಎಂಬುದನ್ನು ಒಪ್ಪಲಾರೆ. ಸಿಲೋನಿನಲ್ಲಿ ಹಿಂದಿ ಹಾಡಿನ ಕಾರ್ಯಕ್ರಮಗಳು ಬೇಕಾದಷ್ಟಿದ್ದವು, ಒಳ್ಳೆಯ ನಿರೂಪಕರೂ ಇದ್ದರು. ಬುಧವಾರ ರಾತ್ರಿಗಾಗಿ ಮಾತ್ರ ಊರು ಕಾಯುತ್ತಿತ್ತು.


ಜಗತ್ ವೃತ್ತ, ಕಲಬುರಗಿ:

ಎಲ್ಲರಿಗೂ ಧನ್ಯವಾದ. ಹಳೆಗಂಟಲು ಸರ್, ಇನ್ನೆರಡು ಸಂದೇಹ. ಗೀತ್‌ಮಾಲಾ ಅವರ ಕೈಗೆ ಹೇಗೆ ಬಂದಿತು? ವಾರಕ್ಕೆ 25 ರೂಪಾಯಿ ಸಂಬಳ ಎಂಬುದು ನಿಜವೇ? ಅದರಲ್ಲಿ ಬದುಕು ಸಾಗುತ್ತಿತ್ತೇ?


ನಿಲಯದ ಹಳೆಗಂಟಲು, ಕಲಬುರಗಿ:

25 ರೂಪಾಯಿ ನಿಜ, ಮತ್ತು ಅವರ ಕೈಗೆ ಬರಲು ಕಾರಣವೂ ಆ 25 ರೂಪಾಯಿಯೇ. ಸ್ವಿಟ್ಜರ್ಲೆಂಡಿನ ಸಿಬಾ ಸಂಸ್ಥೆ ತನ್ನ ಬಿನಾಕಾ ಟೂತ್‌ಪೇಸ್ಟಿಗಾಗಿ ಒಂದು ಹಿಂದಿ ಹಾಡಿನ ಕಾರ್ಯಕ್ರಮ ಬಯಸಿತು. ಬರೆಯಬೇಕು, ನಿರೂಪಿಸಬೇಕು, ನಿರ್ಮಿಸಬೇಕು, ಬಂದ ಪತ್ರಗಳನ್ನೂ ನೋಡಬೇಕು. ಇಷ್ಟಕ್ಕೆಲ್ಲ ವಾರಕ್ಕೆ 25 ರೂಪಾಯಿ. ಹೆಸರು ಮಾಡಿದವರು ಯಾರೂ ಇದಕ್ಕೆ ಒಪ್ಪಲಿಲ್ಲ. ಕಾಲೇಜು ಹುಡುಗ ಒಪ್ಪಿದ.

1952ರ ಡಿಸೆಂಬರಿನಲ್ಲಿ ಅರ್ಧ ಗಂಟೆಯ ಕಾರ್ಯಕ್ರಮವಾಗಿ ಅದು ಆರಂಭವಾಯಿತು. ಆಗ ಹಾಡುಗಳ ಶ್ರೇಣಿಯೂ ಇಲ್ಲ, ಪಾಯದಾನವೂ (ಶ್ರೇಣಿಯಲ್ಲಿ ಹಾಡು ನಿಂತ ಮೆಟ್ಟಿಲು) ಇಲ್ಲ. ಏಳು ಹಾಡುಗಳನ್ನು ಹಿಂದುಮುಂದು ಮಾಡಿ ನುಡಿಸುವರು, ಅವನ್ನು ಅವು ಹೊರಬಂದ ಕಾಲಕ್ರಮದಲ್ಲಿ ಜೋಡಿಸಿ ಕೇಳುಗರು ಪತ್ರ ಬರೆಯಬೇಕು, ಸರಿಯಾಗಿ ಬರೆದವರಿಗೆ ನೂರು ರೂಪಾಯಿ ಬಹುಮಾನ. ಐವತ್ತು ನೂರು ಪತ್ರ ಬಂದರೆ ದೊಡ್ಡದು ಎಂದುಕೊಂಡಿದ್ದಲ್ಲಿ ಮೊದಲ ಕಾರ್ಯಕ್ರಮಕ್ಕೇ 9,000 ಪತ್ರ ಬಂದವು. ಏರುತ್ತ ಏರುತ್ತ ವಾರಕ್ಕೆ 65,000 ಮುಟ್ಟಿತು. ಅಷ್ಟು ಪತ್ರ ಒಡೆದು, ಓದಿ, ತಾಳೆ ನೋಡುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಆದ್ದರಿಂದ ಸ್ಪರ್ಧೆಯನ್ನು ಕೈಬಿಟ್ಟು, 1954ರಲ್ಲಿ ಅದನ್ನು ಒಂದು ಗಂಟೆಯ ಜನಪ್ರಿಯ ಹಾಡುಗಳ ಶ್ರೇಣಿಯಾಗಿ ಬದಲಾಯಿಸಿದರು. ನಾವೆಲ್ಲ ನೆನಪಿಟ್ಟುಕೊಂಡಿರುವ ಗೀತ್‌ಮಾಲಾ ಈ ಎರಡನೆಯದು. ಅಂಚೆಯ ಹೊರೆ ತಾಳಲಾರದೆ ಹುಟ್ಟಿದ್ದು.

ಶ್ರೇಣಿ ಕಟ್ಟುವುದಕ್ಕೆ ಮೊದಲು ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕ ತರಿಸುತ್ತಿದ್ದರು. ಅಂಗಡಿಯಲ್ಲಿ ದಾಸ್ತಾನು ಮುಗಿದರೆ ಬೇಡಿಕೆ ಇದ್ದ ಹಾಡೂ ಕೆಳಗಿಳಿಯುತ್ತಿತ್ತು, ಅಂಗಡಿಯವರ ಮೇಲೆ ಯಾರಾದರೂ ಪ್ರಭಾವ ಬೀರುವ ಭಯವೂ ಇತ್ತು. ಹಾಗಾಗಿ ಊರೂರುಗಳ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಜೊತೆಗೆ ಸೇರಿಸಿಕೊಂಡರು. ಹಾಡಿನ ಶ್ರೇಣಿಗೆ ಇಷ್ಟು ಎಚ್ಚರ ಬೇಕೇ ಎಂದು ನಗಬೇಡಿ. ಆ ಶ್ರೇಣಿಯ ಮೇಲೆ ಸಂಗೀತ ನಿರ್ದೇಶಕರ ಮಾನ ನಿಂತಿತ್ತು.

ಬದುಕಿನ ಪ್ರಶ್ನೆ ಕೇಳಿದ್ದೀರಿ. ದೇಶವೆಲ್ಲ ಅವರ ಧ್ವನಿ ಗುರುತಿಸುತ್ತಿದ್ದ 1960ರಿಂದ 62ರವರೆಗಿನ ಕಾಲದಲ್ಲೇ ಅವರು ಟಾಟಾ ಆಯಿಲ್ ಮಿಲ್ಸ್‌ನ ಮಾರಾಟ ವಿಭಾಗದಲ್ಲಿ ಹಮಾಮ್ ಮತ್ತು ಜೈ ಸಾಬೂನುಗಳ ಕೆಲಸ ನೋಡಿಕೊಳ್ಳುತ್ತಿದ್ದರು. ಬುಧವಾರ ಗೀತ್‌ಮಾಲಾ, ಉಳಿದ ದಿನ ಸಾಬೂನು. ಇದನ್ನು ಯಾವ ಶ್ರದ್ಧಾಂಜಲಿ ಬರಹವೂ ದೊಡ್ಡದು ಮಾಡುವುದಿಲ್ಲ, ನನಗೆ ಮಾತ್ರ ಅವರ ವೃತ್ತಿಜೀವನದಲ್ಲಿ ಇದು ಬಹಳ ಮುಖ್ಯವೆನಿಸುತ್ತದೆ. 1967ರಲ್ಲಿ ವಿವಿಧ ಭಾರತಿಯಲ್ಲಿ ಜಾಹೀರಾತಿಗೆ ಅವಕಾಶ ಸಿಕ್ಕಮೇಲೆ ಭಾರತದೊಳಗೇ ಪ್ರಾಯೋಜಿತ ಪ್ರಸಾರದ ಮಾರುಕಟ್ಟೆ ತೆರೆಯಿತು. ಸಾಬೂನು ಯಾರು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ ಎಂದು ಒಳಗಿನಿಂದ ಬಲ್ಲ ನಿರೂಪಕ ಆ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಆಶ್ಚರ್ಯವಲ್ಲ. ಅವರ ಕಾರ್ಯಕ್ರಮಗಳ ಒಟ್ಟು ಸಂಖ್ಯೆಯನ್ನು 54,000 ಎಂದೂ, ಜಾಹೀರಾತು ಮತ್ತು ಕಿರುಘೋಷಣೆಗಳನ್ನು 19,000 ಎಂದೂ ಸಾಮಾನ್ಯವಾಗಿ ಕೊಡುತ್ತಾರೆ.


ತೊಗರಿ ಹೊಲ:

ಸಾಬೂನಿನ ವಿಷಯ ತಿಳಿದಿರಲಿಲ್ಲ. ಆದರೂ ಕಂಠ ಇಲ್ಲದೆ ಇದ್ದರೆ ಸಾಬೂನೇ ಮಾರುತ್ತ ಇರುತ್ತಿದ್ದರು, ಅಷ್ಟು ಮಾತ್ರ ಹೇಳುತ್ತೇನೆ.


ಬಿದರಿ ಕುಸುರಿ, ಬೀದರ:

ಈಗಿನ ಎಫ್‌ಎಂ ನಿರೂಪಕರ ಬಗ್ಗೆಯೂ ಒಂದು ಮಾತು, ವಿಷಯ ಬಿಟ್ಟು ಹೋಗುತ್ತಿಲ್ಲ. ಸಯಾನಿಯವರ ಅನುಕರಣೆ ಮಾಡಿದವರು ಎಷ್ಟೋ ಮಂದಿ, ಮಿಮಿಕ್ರಿಯವರಿಗಂತೂ ಅದು ಕಾಯಂ ಸರಕು. ಅನುಕರಿಸಿದ್ದು ಮಾತ್ರ ಎಳೆದು ಹೇಳುವ ಆ ‘ಬೆಹನೋ’ ಒಂದನ್ನೇ. ವಾರವೆಲ್ಲ ಕುಳಿತು ಬರೆದ ಹಸ್ತಪ್ರತಿಯನ್ನು ಅಲ್ಲ. ಅವರು ಬಾಯಿಗೆ ಬಂದದ್ದನ್ನು ಆಡುತ್ತಿರಲಿಲ್ಲ. ಹರಟೆಯಂತೆ ಕೇಳುತ್ತಿದ್ದ ಆ ಮಾತು ಬರೆದುಕೊಂಡ ಮಾತಾಗಿತ್ತು. ಪತ್ರಿಕೆಯ ಮನೆಯಲ್ಲಿ ಬೆಳೆದವರು ಎಂಬ ಭಾಲ್ಕಿಯವರ ಮಾತಿಗೆ ಇಲ್ಲಿ ನನ್ನ ಪೂರ್ಣ ಬೆಂಬಲವಿದೆ.


ಸುರಪುರದವನು:

ತಂಗಿಯ ಮೂರನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಕಡೆಯ ರಾಗ ಇದೆ ಎಂದರೆ ಅದು ದೋಷವೇ? ಬೆಂಗಳೂರಿನ ರಾಗಕ್ಕೆ ರಾಗ ಎಂದು ಯಾರೂ ಹೇಳುವುದಿಲ್ಲ.


ನಿಲಯದ ಹಳೆಗಂಟಲು, ಕಲಬುರಗಿ:

ನಾನು ಪರೀಕ್ಷೆ ಕೊಟ್ಟವನೂ ಹೌದು, ಬೇರೆಯವರ ಪರೀಕ್ಷೆಗೆ ಕುಳಿತವನೂ ಹೌದು, ಆದ್ದರಿಂದ ಎರಡೂ ಬದಿ ಹೇಳುತ್ತೇನೆ. ಅಕಾರ ಹಕಾರ ಬೆರೆಸುವುದು, ಮಹಾಪ್ರಾಣವನ್ನು ಬೇಕೆಂದಲ್ಲಿ ಬಿಡುವುದು, ಬೇಡವೆಂದಲ್ಲಿ ಸೇರಿಸುವುದು ತಿದ್ದಿಕೊಳ್ಳಬೇಕಾದ ದೋಷಗಳು. ವಾರ್ತೆ ಓದುವವರಿಗೆ ಅದರಲ್ಲಿ ರಿಯಾಯಿತಿ ಇಲ್ಲ, ಇರಬಾರದು. ವಾಕ್ಯದ ಕೊನೆಯಲ್ಲಿ ಏರುವ ನಮ್ಮ ಧಾಟಿ ದೋಷವಲ್ಲ, ಅದು ಊರಿನ ಗುರುತು. ಕೃಷಿರಂಗದ ಸಂಭಾಷಣೆಯಲ್ಲಿ ಅದೇ ಧಾಟಿ ಇಲ್ಲದಿದ್ದರೆ ಚಿಂಚೋಳಿಯ ರೈತ ರೇಡಿಯೊ ಆರಿಸಿಬಿಡುತ್ತಾನೆ. ನಿಮಗೆ ಹೇಳಿದ್ದು ಇವೆರಡರಲ್ಲಿ ಯಾವುದು ಎಂದು ಮೊದಲು ತಿಳಿದುಕೊಳ್ಳಿ. ನಿಮ್ಮ ಓದನ್ನು ಮೊಬೈಲಿನಲ್ಲಿ ಮುದ್ರಿಸಿ, ಕಣ್ಣೆದುರು ಪಠ್ಯ ಇಟ್ಟುಕೊಂಡು, ಬೇರೆಯವರ ಕೈಯಲ್ಲಿ ಗುರುತು ಹಾಕಿಸಿ.

ಸಯಾನಿಯವರು ಮಾಡಿದ್ದು ಎರಡೂ ಸೇರಿದ ಕೆಲಸ. ಹಿಂದಿಯನ್ನು ತಿದ್ದಿಕೊಂಡರು, ಆದರೆ ದೆಹಲಿಯವರಂತೆಯೋ ಲಖನೌದವರಂತೆಯೋ ಆಗಲು ಹೋಗಲಿಲ್ಲ. ಮುಂಬಯಿಯ ಬೀದಿಯಲ್ಲಿ ಎಲ್ಲರಿಗೂ ತಿಳಿಯುವ ಮಾತನ್ನು ಇಟ್ಟುಕೊಂಡೇ ಉಚ್ಚಾರಣೆಯನ್ನು ಚೊಕ್ಕ ಮಾಡಿದರು. ಹಿಂದಿ ಮನೆಮಾತಲ್ಲದವನ ಹಿಂದಿ ಆಗಿದ್ದರಿಂದಲೇ ಹಿಂದಿ ಮನೆಮಾತಲ್ಲದ ನಮ್ಮಂಥವರಿಗೆ ಅದು ಹತ್ತಿರವಾಯಿತು ಎಂಬುದು ನನ್ನ ತೀರ್ಮಾನ. ಹಾಗೆಂದು ನಿಮ್ಮನ್ನು ಕಳಿಸಿದವರನ್ನು ಬೈಯುತ್ತ ಕೂಡಬೇಡಿ; ಮುಂದಿನ ಸಲ ಕರೆದಾಗ ಹೋಗಿ.


ಜಗತ್ ವೃತ್ತ, ಕಲಬುರಗಿ:

ಖಂಡಿತ ಹೋಗುತ್ತೇನೆ, ಸರ್. ಪ್ರಬಂಧವನ್ನು ‘ರಹಬರ್’ನಿಂದ ಆರಂಭಿಸಿ 1962ಕ್ಕೆ ನಿಲ್ಲಿಸುವುದೆಂದು ಯೋಚಿಸಿದ್ದೇನೆ. ಕೊನೆಗೊಂದು ಟಿಪ್ಪಣಿ ಹಾಕಲು, ಗೀತ್‌ಮಾಲಾ ಸಿಲೋನಿನಿಂದ ಯಾವಾಗ ಬಿಟ್ಟು ಬಂದಿತೆಂದು ಯಾರಾದರೂ ತಿಳಿಸುವಿರಾ?


ವಾಡಿ ಜಂಕ್ಷನ್:

1989ರಲ್ಲಿ ವಿವಿಧ ಭಾರತಿಗೆ ಬಂದಿತು, 1994ರವರೆಗೆ ಸಾಗಿತು. ಅಷ್ಟು ಹೊತ್ತಿಗೆ ಹೆಸರಿನಲ್ಲಿ ಬಿನಾಕಾ ಹೋಗಿ ಸಿಬಾಕಾ ಆಗಿತ್ತು. ಎಂಬತ್ತರ ದಶಕದಲ್ಲಿ ಲೈಸೆನ್ಸೂ ಹೋಯಿತು, ಮನೆಮನೆಗೆ ಟಿವಿಯೂ ಬಂದಿತು, ನನ್ನ ಅಂಗಡಿಯಲ್ಲಿ ಕಿರುತರಂಗದ ಬ್ಯಾಂಡ್ ಸರಿಮಾಡಿಕೊಡಿ ಎಂದು ಕೇಳುವವರು ಕಡಿಮೆಯಾದರು.


ಭಾಲ್ಕಿಯ ಓದುಗ:

1962ಕ್ಕೆ ನಿಲ್ಲಿಸಿದರೂ ಹಮೀದರಿಗೆ ಒಂದು ಪುಟ ಬಿಡಿ. ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್ ಎಂದರೆ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಹಮೀದ್ ಸಯಾನಿಯೇ ಆಗಿದ್ದರು. 1975ರಲ್ಲಿ ಅವರು ತೀರಿಕೊಂಡಾಗ ಆ ಕಾರ್ಯಕ್ರಮ ತಮ್ಮನ ಹೆಗಲಿಗೆ ಬಂದಿತು. ಅಣ್ಣ ಕಲಿಸಿದ ಇಂಗ್ಲಿಷ್ ಪ್ರಸಾರಕ್ಕೆ ಅಮೀನರು ಮರಳಿದ್ದು ಹಾಗೆ.